ಕುಳಿತವರು, ಎಡದಿಂದ ಬಲಕ್ಕೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಇವೆರಡೂ ಇಲ್ಲ ಎಂದು ನನ್ನ ಹೆಂಡತಿ ಸರಳಾ ಮದುವೆಯಾದ ಹೊಸತರಲ್ಲಿ ಬಹಳ ಹೆಮ್ಮೆಪಟ್ಟುಕೊಂಡಿದ್ದಳು. ನನ್ನ ಚಟ ಬೇರೆಯದು, ಅದು ಬೆಳಕಿಗೆ ಬರಲು ಸ್ವಲ್ಪ ಕಾಲ ಹಿಡಿಯಿತು. ಯಾರು ಏನೇ ಕೇಳಲಿ, ನನ್ನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಡುವುದಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಅರವತ್ತು ಮಕ್ಕಳ ಎದುರು ಮೇಷ್ಟ್ರು ಒಮ್ಮೆ ಗೊತ್ತಿಲ್ಲ ಅಂದರೆ ಆ ವರ್ಷವೆಲ್ಲ ಅವನ ಕಥೆ ಮುಗಿದಂತೆ. ಹಾಗಾಗಿ ಉತ್ತರ ಗೊತ್ತಿದ್ದರೆ ನಿಧಾನವಾಗಿ, ಗೊತ್ತಿಲ್ಲದಿದ್ದರೆ ಜೋರಾಗಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಒಮ್ಮೆ ಹುಡುಗಿಯೊಬ್ಬಳು ವೃಷಭಾವತಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಅರಬ್ಬೀ ಸಮುದ್ರಕ್ಕೆ ಎಂದುಬಿಟ್ಟೆ. ನದಿ ನನ್ನ ಮಾತಿಗೆ ಕವಡೆ ಕಿಮ್ಮತ್ತೂ ಕೊಡದೆ ಇವತ್ತಿಗೂ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೇ ಹೋಗುತ್ತಿದೆ. ಆ ಹುಡುಗಿ ಮಾತ್ರ ಪರೀಕ್ಷೆಯಲ್ಲಿ ನನ್ನನ್ನೇ ನಂಬಿ ಬರೆದಳು.

ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಹತ್ತಿರ ನಿಂತರೆ ಸಾಕು, ಸ್ಕೂಟರಿನ ಮೇಲೆ ಡಬ್ಬ ಕಟ್ಟಿಕೊಂಡು ಬರುವವರು ವಿಳಾಸ ಕೇಳುತ್ತಾರೆ. ಕಳೆದ ವರ್ಷ ಒಬ್ಬ ಡೆಲಿವರಿಯವನು, ಮಾತಿನ ಧಾಟಿಯಲ್ಲೇ ವಿಜಯಪುರದ ಕಡೆಯವನೆಂದು ಗೊತ್ತಾಗುತ್ತಿತ್ತು, “ಯಜಮಾನ್ರ, ಹದಿನೇಳನೇ ಕ್ರಾಸ್ ಎಲ್ಲಿ ಬರ್ತೈತ್ರಿ?” ಎಂದು ಕೇಳಿದ. ಯಾವ ಮೇನಿನ ಹದಿನೇಳನೆಯ ಕ್ರಾಸೋ, ಯಾವ ಬ್ಲಾಕೋ, ದೇವರೇ ಬಲ್ಲ. ನಾನು ಕೈಯನ್ನು ಪೂರ್ತಿ ಚಾಚಿ, “ಸೀದಾ ಹೋಗಿ, ಗಣಪತಿ ದೇವಸ್ಥಾನ ಸಿಗತ್ತೆ, ಎಡಕ್ಕೆ ತಿರುಗಿ” ಎಂದೆ. ನಮ್ಮ ಕಡೆ ಯಾವ ದಿಕ್ಕಿಗೆ ಹೋದರೂ ಗಣಪತಿ ಸಿಗುತ್ತಾನೆ ಎಂಬ ಧೈರ್ಯ. ಇಪ್ಪತ್ತು ನಿಮಿಷಕ್ಕೆ ಆತ ಬೆವರು ಒರೆಸಿಕೊಳ್ಳುತ್ತ ವಾಪಸು ಬಂದ. “ಮೂರು ಗಣಪತಿ ಗುಡಿ ನೋಡಿ ಬಂದ್ನಿರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂದ್ಬಿಡ್ರಿ ಯಜಮಾನ್ರ, ನಾ ಏನ್ ಹೊಡೀತಿದ್ನೇನು?” ಎಂದ. ಒಳಗೆ ಕಿಟಕಿಯ ಹತ್ತಿರ ಸರಳಾ ನಕ್ಕಿದ್ದು ನನಗೆ ಕೇಳಿಸಿತು.

ಇಂಥವನ ಕೈಗೆ ಒಂದು ಗ್ರಂಥಾಲಯ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಹಳೆಯ ವಾಚನಾಲಯವಿದೆ. ಮೊದಲು ಮಾಗಡಿ ರಸ್ತೆಯ ಕಡೆಯ ಹಳ್ಳಿಗಳ ನಾಲ್ಕಾರು ಜನ ಸೇರಿ ಕಟ್ಟಿದ್ದಂತೆ. ಊರು ಬೆಳೆದು ಹಳ್ಳಿಗಳನ್ನು ನುಂಗಿದ ಮೇಲೆ ಪುಸ್ತಕಗಳು ಗಾಡಿ ಹತ್ತಿ ಇಲ್ಲಿಗೆ ಬಂದವು. ಹಿಂದಿನ ಗೌರವ ಕಾರ್ಯದರ್ಶಿಗೆ ಮಂಡಿನೋವು ಬಂದು ಮೆಟ್ಟಿಲು ಹತ್ತಲಾಗದಿದ್ದಾಗ, “ಮೇಷ್ಟ್ರೇ, ನಿಮಗೆ ಇದೆಲ್ಲ ಗೊತ್ತಲ್ವಾ?” ಎಂದು ಕೇಳಿದರು. ಗೊತ್ತು ಎಂದೆ. ಅದೇ ನನ್ನ ಅರ್ಹತೆ. ದಿನವೂ ಬರುವ ಓದುಗರು ಮೂವರು. ಇಬ್ಬರು ಪತ್ರಿಕೆಗೆ ಬರುತ್ತಾರೆ, ಒಬ್ಬರು ಫ್ಯಾನಿಗೆ. ಕೆಳಗೆ ಗಿರಣಿಯಲ್ಲಿ ಖಾರದ ಪುಡಿ ಬೀಸುವ ದಿನ ಮೂವರೂ ಕಣ್ಣೀರಿಡುತ್ತಾರೆ. ಹೊಸದಾಗಿ ಬಂದವರು, ಇಲ್ಲಿ ಎಂಥ ಮನಮುಟ್ಟುವ ಪುಸ್ತಕಗಳಿವೆಯಪ್ಪ ಎಂದುಕೊಳ್ಳುತ್ತಾರೆ.

ಪುಸ್ತಕಗಳೇನೋ ಇವೆ. ಒಂದು ದೊಡ್ಡ ಹಲಸಿನ ಮರದ ಬೀರು, ಉಳಿದವು ತಗಡಿನವು. ದನಗಳ ರೋಗಕ್ಕೆ ಮದ್ದು, ಮನೆಯಲ್ಲೇ ಹಾರ್ಮೋನಿಯಂ ಕಲಿಯುವ ಬಗೆ, ಮಾವನಿಗೆ ಅಳಿಯ ಬರೆಯಬೇಕಾದ ಪತ್ರದ ಮಾದರಿಗಳು, ಯಾವ ರೈಲೂ ಈಗ ಪಾಲಿಸದ ರೈಲು ವೇಳಾಪಟ್ಟಿ, ಗ್ರಹಣ ಯಾವಾಗಲೋ ಬಿಟ್ಟುಹೋದ ಪಂಚಾಂಗಗಳು. ಪತ್ತೇದಾರಿ ಕಾದಂಬರಿಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ‘ಕೊಂದವನು ಅಡುಗೆಯವನು’ ಎಂದು ಪೆನ್ಸಿಲಿನಲ್ಲಿ ಬರೆದು ಓದುಗರ ಸಮಯ ಉಳಿಸಿದ್ದಾರೆ. ಪುಟಗಳ ನಡುವೆ ಒಣಗಿದ ಬೇವಿನೆಲೆ, ನವಿಲುಗರಿ, ಬಸ್ ಟಿಕೆಟ್ಟು, ‘ಪ್ರೀತಿಯ’ ಎಂದು ಶುರುವಾಗಿ ಅಲ್ಲಿಗೇ ಧೈರ್ಯ ಸಾಲದೆ ನಿಂತ ಒಂದು ಕಾಗದ. ಇವನ್ನೆಲ್ಲ ನಾನು ಕವರುಗಳಲ್ಲಿ ಹಾಕಿಟ್ಟೆ. ಕವರಿನ ಮೇಲೆ ಏನು ಬರೆಯಬೇಕೋ ತಿಳಿಯದೆ ‘ಇತರೆ’ ಎಂದು ಬರೆದೆ. ಈಗ ನಮ್ಮಲ್ಲಿ ‘ಇತರೆ’ ವಿಭಾಗವೇ ಎಲ್ಲಕ್ಕಿಂತ ದೊಡ್ಡದು.

ಆದರೆ ನನ್ನ ಮನಸ್ಸು ಸೆಳೆದದ್ದು ಪಟಗಳು. ಮೂರು ಟ್ರಂಕು ತುಂಬ ಹಳೆಯ ಫೋಟೋಗಳು. ಮದುವೆಯಾಗಿ ಹತ್ತು ನಿಮಿಷವೂ ಆಗಿರದ, ಆಗಲೇ ಪಶ್ಚಾತ್ತಾಪ ಪಡುತ್ತಿರುವಂತೆ ಕಾಣುವ ದಂಪತಿಗಳು, ರೇಡಿಯೋವನ್ನು ಮಗುವಿನ ಹಾಗೆ ಹಿಡಿದು ಕೂತ ಯಜಮಾನರು, ನಾಟಕದ ವೇಷದಲ್ಲಿ ಕನ್ನಡಕ ತೆಗೆಯಲು ಮರೆತ ಭೀಮ. ಮೊದಲು ಅವನ್ನು ವಿಂಗಡಿಸಿದೆ: ಪೇಟದ ಗಂಡಸರು, ಟೋಪಿಯ ಗಂಡಸರು, ಬರಿತಲೆಯ ಗಂಡಸರು. ಆಮೇಲೆ ಪ್ರತಿ ಪಟದ ಕೆಳಗೂ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಚೀಟಿ ಬರೆದು ಅಂಟಿಸತೊಡಗಿದೆ. ಹೆಸರುಗಳು ಎಲ್ಲಿಂದ ಬಂದವು ಎಂದು ಕೇಳಬೇಡಿ. ಸ್ವಲ್ಪ ಹಳೆಯ ಸದಸ್ಯರ ಪಟ್ಟಿಯಿಂದ, ಸ್ವಲ್ಪ ಮುಖಲಕ್ಷಣದಿಂದ. ದಪ್ಪ ಮೀಸೆಯವರಿಗೆ ಪಟ್ಟಿಯಲ್ಲಿದ್ದ ಪಟೇಲರ ಹೆಸರು, ಸಣ್ಣ ಮುಖದವರಿಗೆ ಶಾನುಭೋಗರ ಹೆಸರು. ಒಬ್ಬರೂ ಬಂದು ತಕರಾರು ತೆಗೆಯಲಿಲ್ಲ, ಅದನ್ನೇ ಪುರಾವೆ ಎಂದುಕೊಂಡೆ.

ಇದರ ಜೊತೆಗೆ ಸೀಲಿನ ವಿಷಯವನ್ನೂ ಹೇಳಿಬಿಡಬೇಕು. ಯಾವುದೋ ವಾಚನಾಲಯದಲ್ಲಿ ಹಳೆಯ ಫೋಟೋಗಳು ಕಳುವಾದವೆಂದು ಫ್ಯಾನಿಗೆ ಬರುವ ಓದುಗರು ಹೇಳಿದರು. ಮರುದಿನವೇ ನಾನು ‘ವಾಚನಾಲಯದ ಸ್ವತ್ತು, ಹೊರಗೆ ಒಯ್ಯಕೂಡದು’ ಎಂಬ ದುಂಡನೆಯ ರಬ್ಬರ್ ಸೀಲು, ನೇರಳೆ ಇಂಕಿನ ಪ್ಯಾಡು ತಂದೆ. ಪಟದ ಹಿಂದೆ ಒತ್ತಿದರೆ ಕಳ್ಳನಿಗೆ ಕಾಣಿಸುವುದಿಲ್ಲವಲ್ಲ, ಹಾಗಾಗಿ ಮುಂದೆಯೇ ಒತ್ತಿದೆ. ಒಂದೇ ಮಧ್ಯಾಹ್ನ ಮೂರೂ ಟ್ರಂಕು ಮುಗಿಸಿದೆ. ಪೇಟ ಕಟ್ಟಿ ಕುರ್ಚಿಯ ಮೇಲೆ ಕೂತವರ ಮೇಲೆ ಸೀಲು ಹಾಕುವಷ್ಟು ಒರಟ ನಾನಲ್ಲ. ಅಂಚಿನಲ್ಲಿ, ಅಷ್ಟೇನೂ ಮುಖ್ಯವಲ್ಲದ ಜಾಗ ನೋಡಿ ಒತ್ತುತ್ತಿದ್ದೆ. ಮನೆಗೆ ಬಂದಾಗ ಬೆರಳೆಲ್ಲ ನೇರಳೆಯಾಗಿತ್ತು. “ನೇರಳೆಹಣ್ಣು ತಿಂದ್ರಾ?” ಎಂದು ಸರಳಾ ಕೇಳಿದಳು. ಇತಿಹಾಸ ಉಳಿಸಿ ಬಂದಿದ್ದೇನೆ ಎಂದೆ.

ಜಯಮ್ಮ ಬಂದದ್ದು ಇದಾದ ಕೆಲವು ತಿಂಗಳಿಗೆ. ಹೇರೋಹಳ್ಳಿಯ ಹಳೆಯ ಒಕ್ಕಲು ಮನೆಯವರು, ಎಪ್ಪತ್ತು ದಾಟಿದವರು. ಜೊತೆಗೆ ಮಗ ನಾಗರಾಜ, ಸುಂಕದಕಟ್ಟೆಯಲ್ಲಿ ಪೈಪು ನಲ್ಲಿಗಳ ಅಂಗಡಿ ಇಟ್ಟವರು. ಆಕೆ ಮೆಟ್ಟಿಲು ಹತ್ತಿ ಬಂದು ನನ್ನನ್ನು ಮಾತಾಡಿಸುವ ಮೊದಲು ಹಲಸಿನ ಬೀರುವಿನ ಹತ್ತಿರ ಹೋಗಿ ಅದರ ಬಾಗಿಲಿನ ಮೇಲೆ ಅಂಗೈ ಇಟ್ಟರು.

“ಇದು ನಮ್ಮ ಹಿತ್ಲು ಮರ ಸಾರ್. ನಮ್ಮಪ್ಪ ಲೈಬ್ರರಿಗೆ ಅಂತ ಕಡಿಸಿಕೊಟ್ರಂತೆ. ನಮ್ಮವ್ವ ಹೇಳೋರು. ಆ ದಿನ ಎಲ್ರನ್ನೂ ನಿಲ್ಲಿಸಿ ಪಟ ತೆಗೆದ್ರಂತೆ, ಅದ್ರಲ್ಲಿ ನಮ್ಮಪ್ಪಾನೂ ಅವ್ರಂತೆ” ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, “ನಂಗೆ ಮೂರು ವರ್ಷ ಆಗಿದ್ದಾಗ್ಲೇ ಹೋಗ್ಬಿಟ್ರು. ಮನೇಲಿ ಒಂದು ಪಟ ಇಲ್ಲ. ಅಪ್ಪನ ಮುಖ ಹೆಂಗಿತ್ತು ಅಂತಾನೇ ನಂಗೊತ್ತಿಲ್ಲ ಸಾರ್. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು” ಎಂದರು.

ಬೀರು ತಂದ ದಿನದ ಪಟ ನನ್ನ ಹತ್ತಿರವಿತ್ತು, ಬೀರುವಿನ ಮುಂದೆಯೇ ತೆಗೆದದ್ದು. ಐದು ಜನ ಕುರ್ಚಿಯಲ್ಲಿ, ಏಳು ಜನ ನಿಂತು. ತಂದೆಯ ಹೆಸರು ಮುನಿಯಪ್ಪ ಎಂದರು. ಆ ಪಟದ ಕೆಳಗೆ ನಾನಿನ್ನೂ ಚೀಟಿ ಅಂಟಿಸಿರಲಿಲ್ಲ. ಅಲ್ಲಿ ಯಾರು ಮುನಿಯಪ್ಪ ಎಂದು ನನಗೆ ತಿಳಿಯುವ ಯಾವ ದಾರಿಯೂ ಇರಲಿಲ್ಲ. ಹಾಗೆಂದು ಹೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆ ಮುದುಕಿಯ ಕಣ್ಣುಗಳು ನನ್ನ ಬೆರಳನ್ನೇ ಕಾಯುತ್ತಿದ್ದವು. ಇಡೀ ಬೀರುವಿಗೆ ಮರ ಕೊಟ್ಟವರು ಎಲ್ಲಿ ಕೂತಿರುತ್ತಾರೆ? ನಡುವೆ. ನಡುವಿನ ಕುರ್ಚಿಯಲ್ಲಿ ಜರಿಪೇಟ, ಉಬ್ಬಿದ ಎದೆ, ಗರುಡನಂಥ ಮೂಗಿನ ಒಬ್ಬರು ಭರ್ಜರಿಯಾಗಿ ಕೂತಿದ್ದರು. ಬೆರಳಿಟ್ಟು, “ಇವರೇ” ಎಂದೆ.

ಜಯಮ್ಮ ನಾನು ಬೆರಳಿಟ್ಟ ಕಡೆ ಬಿಟ್ಟು ಬೇರೆಲ್ಲೂ ನೋಡಲೇ ಇಲ್ಲ. ಬಹಳ ಹೊತ್ತು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾಗರಾಜರು ಮೊಬೈಲಿನಲ್ಲಿ ಆ ಮುಖವನ್ನಷ್ಟೇ ಹಿಡಿದುಕೊಂಡು, “ಅಮ್ಮಾ, ಮೂಗು ನೋಡಮ್ಮ, ಥೇಟ್ ನಂದೇ” ಎಂದರು. ಜಯಮ್ಮ ಮಗನ ಮೂಗನ್ನೂ ಪಟದ ಮೂಗನ್ನೂ ನೋಡಿ ಹೌದು ಎಂದರು. ನನಗೂ ಹೌದು ಅನ್ನಿಸಿತು. ಹೋಗುವಾಗ ಆಕೆ ಬಗ್ಗಿ ನನ್ನ ಕಾಲು ಮುಟ್ಟಲು ಬಂದಾಗ ಮಾತ್ರ ಒಳಗೆ ಏನೋ ಚುಳುಕ್ಕೆಂದಿತು. ಮಧ್ಯಾಹ್ನ ಊಟ ಮಾಡಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಪಿತೃಪಕ್ಷದಲ್ಲಿ ಹೇರೋಹಳ್ಳಿಯಿಂದ ಕರೆ ಬಂತು. ಬರಲೇಬೇಕು ಎಂದು ನಾಗರಾಜರು ತಾವೇ ಬಂದು, ಹೊಂಡ ತುಂಬಿದ ರಸ್ತೆಯಲ್ಲಿ ಕಾರಿನಲ್ಲಿ ನನ್ನನ್ನೂ ಸರಳಾಳನ್ನೂ ಕುಣಿಸಿಕೊಂಡು ಹೋದರು. ನಡುಮನೆಯಲ್ಲಿ ಮೊಬೈಲಿನ ಆ ಮುಖವನ್ನೇ ಹಿಗ್ಗಿಸಿದ ಆಳೆತ್ತರದ ಪಟ, ಬಣ್ಣ ಬೇರೆ ತುಂಬಿಸಿದ್ದಾರೆ, ಜರಿಪೇಟ ಫಳಫಳ ಹೊಳೆಯುತ್ತಿದೆ. ಗಂಧದ ಹಾರ, ಊದುಬತ್ತಿ. ಮುಂದೆ ಬಾಳೆಲೆಯಲ್ಲಿ ಎಡೆ: ಒಬ್ಬಟ್ಟು, ವಡೆ, ಪಾಯಸ, ಜೊತೆಗೆ ಸತ್ತವರಿಗೆ ಇಷ್ಟವಾಗಿತ್ತೆಂದು ಒಂದು ಕಟ್ಟು ಬೀಡಿ. ಪಟಕ್ಕೆ ಒರಗಿಸಿ ಒಂದು ಹಳೆಯ ಕೊಡೆ ಇಟ್ಟಿದ್ದರು, ಬಟ್ಟೆಯೆಲ್ಲ ಹರಿದು ಕಡ್ಡಿ ಉಳಿದದ್ದು, ಹಿಡಿ ಬೆತ್ತದ್ದು. “ಅಪ್ಪಂದು ಅಂತ ಇರೋದು ಇದೊಂದೇ ಸಾರ್. ಅಂಗಿ ಕಾಲರ್‌ಗೆ ಹಿಂದ್ಗಡೆ ನೇತಾಕ್ಕೊಂಡೇ ತಿರುಗೋರಂತೆ, ಬಿಸ್ಲಿರ್ಲಿ ಮಳೆಯಿರ್ಲಿ” ಎಂದರು ಜಯಮ್ಮ. ನಾನು ಎರಡು ಒಬ್ಬಟ್ಟು ತಿಂದು, ಬಲವಂತಕ್ಕೆ ಮೂರನೆಯದನ್ನೂ ತಿಂದು, ಪಟದಲ್ಲಿದ್ದವರ ದಾನಗುಣದ ಬಗ್ಗೆ ನೆರೆದವರಿಗೆ ಹತ್ತು ನಿಮಿಷ ಮಾತಾಡಿದೆ. ಸರಳಾ ನನ್ನನ್ನೇ ನೋಡುತ್ತಿದ್ದಳು.

ಅದಾಗಿ ತಿಂಗಳಾಗಿರಬಹುದು. ಗೋಡೆಗೆ ಗೆದ್ದಲು ಬಂದಿದೆಯೆಂದು ಬೀರುವನ್ನು ಸರಿಸಿದಾಗ ಹಿಂದೆ ಬಿದ್ದಿದ್ದ ಒಂದು ದಪ್ಪ ಪುಸ್ತಕ ಸಿಕ್ಕಿತು. ವಾಚನಾಲಯದ ಹಳೆಯ ನಡಾವಳಿ ಪುಸ್ತಕ, ಅಂದರೆ ಸಭೆಯಲ್ಲಿ ಏನೇನು ನಡೆಯಿತೆಂದು ಆಗಿನ ಕಾರ್ಯದರ್ಶಿ ಬರೆದಿಟ್ಟದ್ದು. ಹುಳು ತಿಂದು ಉಳಿಸಿದ್ದರಲ್ಲಿ ಬೀರು ತಂದ ದಿನದ ವರದಿಯೂ ಇತ್ತು. ಅಕ್ಷರಗಳು ಮುತ್ತಿನಂತಿದ್ದವು, ಓದಲು ಯಾವ ಕಷ್ಟವೂ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ‘ಮುಖ್ಯ ಅತಿಥಿಗಳು ಬಾರದೆ ಇದ್ದುದರಿಂದಲೂ, ನಡುವಣ ಕುರ್ಚಿ ಖಾಲಿ ಕಂಡರೆ ಚಿತ್ರಕ್ಕೆ ಶೋಭೆಯಲ್ಲವಾದ್ದರಿಂದಲೂ, ಕುರ್ಚಿಗಳನ್ನು ಬಾಡಿಗೆಗೆ ಕೊಟ್ಟವರನ್ನೇ ಅತಿಥಿಗಳಿಗೆಂದು ತರಿಸಿದ್ದ ಪೇಟ ತೊಡಿಸಿ ಕೂರಿಸಲಾಯಿತು. ಮರ ಕೊಟ್ಟ ಶ್ರೀ ಮುನಿಯಪ್ಪನವರು ಎಷ್ಟು ಹೇಳಿದರೂ ಕೂರಲೊಪ್ಪದೆ ಬಲತುದಿಯಲ್ಲಿ ನಿಂತರು.’

ಓಡಿಹೋಗಿ ಪಟ ತೆಗೆದೆ. ಬಲತುದಿಯಲ್ಲಿ ಒಬ್ಬರು ನಿಂತಿದ್ದರು. ಮಾಸಿದ ಅಂಗಿ, ಮೊಣಕಾಲಿನವರೆಗೆ ಪಂಚೆ, ಬರಿಗಾಲು. ಭುಜದ ಮೇಲಿಂದ ಕೊಡೆಯ ಬೆತ್ತದ ಹಿಡಿ ಕೊಕ್ಕೆಯಂತೆ ಇಣುಕುತ್ತಿತ್ತು. ಅದರ ಮೇಲೆ, ಮುಖ ಇರಬೇಕಾದ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟು ದುಂಡಗೆ, ಹೊಸ ಪ್ಯಾಡಿನ ದಟ್ಟ ನೇರಳೆ ಇಂಕಿನಲ್ಲಿ ನನ್ನ ಸೀಲು ಕೂತಿತ್ತು: ವಾಚನಾಲಯದ ಸ್ವತ್ತು, ಹೊರಗೆ ಒಯ್ಯಕೂಡದು.

ಮನೆಗೆ ತಂದು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ನೇರಳೆ ಹರಡಿತೇ ಹೊರತು ಹೋಗಲಿಲ್ಲ. ಮೂರನೆಯ ಸಲ ಹತ್ತಿ ಅದ್ದುವಾಗ ಸರಳಾ ಕೈ ಹಿಡಿದಳು. “ಸಾಕು ಬಿಡ್ರೀ. ಇನ್ನೂ ಉಜ್ಜಿದ್ರೆ ಪಟಾನೇ ಕಿತ್ಕೊಂಡು ಬರತ್ತೆ” ಎಂದಳು. ಫೋಟೋ ಸರಿಮಾಡುವ ಇಬ್ಬರಿಗೆ ತೋರಿಸಿದೆ. ಕೆಳಗೆ ಏನೂ ಉಳಿದಿಲ್ಲ, ಬೇಕಾದರೆ ಕಂಪ್ಯೂಟರಿನಲ್ಲಿ ಹೊಸ ಮುಖ ಕೂರಿಸಿಕೊಡುತ್ತೇವೆ ಎಂದರು ಒಬ್ಬರು. ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಕಸುಬನ್ನೇ ಅವರೂ ಮಾಡುತ್ತಿದ್ದಾರೆ ಎಂದು ಆಮೇಲೆ ಹೊಳೆಯಿತು. ಸುಮ್ಮನಿದ್ದುಬಿಡಬಹುದು ಎಂದೂ ಎಣಿಸಿದೆ. ಜಯಮ್ಮ ಸುಖವಾಗಿದ್ದಾರೆ, ನಾಗರಾಜರ ಮೂಗಿಗೆ ಒಂದು ವಂಶ ಸಿಕ್ಕಿದೆ, ಯಾರಿಗೇನು ನಷ್ಟ? ಇದನ್ನು ಸರಳಾಗೆ ಹೇಳಿದೆ. ಆಕೆ ಕಾಯಿ ತುರಿಯುತ್ತಿದ್ದವಳು ತಲೆ ಎತ್ತದೆ, “ಮೂರು ಒಬ್ಬಟ್ಟು ತಿಂದಿದ್ದೀರಿ” ಎಂದಳು.

ಮರುದಿನ ಬೆಳಿಗ್ಗೆಯೇ ಪಟವನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹೊರಗೆ ಒಯ್ಯಕೂಡದ ಸ್ವತ್ತನ್ನು ಮೊದಲು ಹೊರಗೆ ಒಯ್ದವನು ನಾನೇ. ಜಯಮ್ಮನ ಮನೆಯಲ್ಲಿ ತಿಂಡಿಯ ಹೊತ್ತು. ಕೂರದೆ, ಹೇಳಬೇಕಾದ್ದನ್ನೆಲ್ಲ ನಿಂತೇ ಹೇಳಿದೆ. ಕುರ್ಚಿ ಬಾಡಿಗೆಯವರ ವಿಷಯ ಬಂದಾಗ ನಾಗರಾಜರು ಕೈ ತೊಳೆಯಲೂ ಮರೆತು ಎದ್ದುಬಂದರು.

“ಅಮ್ಮಾ, ಮೂಗು ತಾತಂದೇ ಅಂತ ಊರಿಗೆಲ್ಲಾ ಹೇಳ್ಬಿಟ್ಟಿದ್ದೀವಲ್ಲಮ್ಮ!” ಎಂದರು. ನನ್ನ ಕಡೆ ತಿರುಗಿ, “ಏನ್ ಸಾರ್ ಇದು, ಮೇಷ್ಟ್ರಾಗಿ? ಕುರ್ಚಿಯೋನಿಗೆ ಕಾಯಿ ಒಡೆದಿದ್ದೀವಿ ನಾವು!” ಎಂದರು. ನಾನು ಟವಲು ಬಿಚ್ಚಿ ಪಟವನ್ನು ಜಯಮ್ಮನ ಕೈಗೆ ಕೊಟ್ಟೆ.

ಜಯಮ್ಮ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಲತುದಿಯನ್ನು ನೋಡಿದರು. ಕೊಡೆಯ ಹಿಡಿಯ ಮೇಲೆ ಬೆರಳಾಡಿಸಿದರು. ಆಮೇಲೆ ಕನ್ನಡಕ ತರಿಸಿ ಇನ್ನೂ ಬಗ್ಗಿ ನೋಡಿದವರು, ಇದ್ದಕ್ಕಿದ್ದಂತೆ ಸೀರೆಯ ಅಂಚು ಸ್ವಲ್ಪ ಎತ್ತಿ ತಮ್ಮ ಬಲಗಾಲನ್ನು ಮುಂದೆ ಚಾಚಿದರು. “ನಾಗ, ನೋಡೋ ಇಲ್ಲಿ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಅವ್ವ ಹೇಳ್ತಿದ್ಲು, ನಿಂಗೆ ನಿಮ್ಮಪ್ಪಂದೇ ಕಾಲು ಬಂದೈತೆ ಅಂತ.” ಪಟದಲ್ಲೂ ಹಾಗೆಯೇ ಇತ್ತು. ಇಂಕು ಮುಟ್ಟದ ಆ ಎರಡು ಬರಿಗಾಲು ಮಾತ್ರ ನಿನ್ನೆ ತೆಗೆದಷ್ಟು ಸ್ಪಷ್ಟವಾಗಿದ್ದವು.

ಸ್ವಲ್ಪ ಹೊತ್ತಿಗೆ ಆಕೆ ತಲೆ ಎತ್ತಿ ನನ್ನನ್ನು ನೋಡಿದರು. “ಸಾರ್, ಸೀಲ್ ಒತ್ತೋಕ್ ಮುಂಚೆ ನೀವು ನೋಡಿರ್ತೀರಲ್ವಾ? ಹೆಂಗಿತ್ತು ನಮ್ಮಪ್ಪನ ಮುಖ?”

ನಿಜ ಹೇಳುತ್ತೇನೆ, ನಾಲಿಗೆಯ ತುದಿಯಲ್ಲಿ ಎಲ್ಲ ಸಿದ್ಧವಾಗಿತ್ತು. ಅಗಲವಾದ ಹಣೆ, ಸ್ವಲ್ಪ ನರೆತ ಮೀಸೆ, ನಗುವ ಕಣ್ಣು. ಜಯಮ್ಮ ನಂಬುತ್ತಿದ್ದರು. ನಾಗರಾಜರು ಮೀಸೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆ ಮುಖವನ್ನು ಕೊನೆಯದಾಗಿ ನೋಡಬಹುದಾಗಿದ್ದವನು ಈ ಲೋಕದಲ್ಲಿ ನಾನೊಬ್ಬನೇ. ನನ್ನ ಮಾತನ್ನು ಸುಳ್ಳು ಎನ್ನುವವರು ಯಾರೂ ಇರಲಿಲ್ಲ. ಆದರೆ ನನಗೆ ನೆನಪಿದ್ದದ್ದು ಇಷ್ಟೇ: ಅಂಚಿನಲ್ಲಿ ಯಾರೋ ಬರಿಗಾಲಿನವನು ನಿಂತಿದ್ದಾನೆ, ಇಲ್ಲಿ ಒತ್ತಿದರೆ ಅಡ್ಡಿಯಿಲ್ಲ ಎಂದುಕೊಂಡದ್ದು.

“ಗೊತ್ತಿಲ್ಲಮ್ಮ” ಎಂದೆ. “ನಾನು ನೋಡಲೇ ಇಲ್ಲ.”

ನನ್ನ ಅರವತ್ತೇಳು ವರ್ಷದ ಬಾಳಿನಲ್ಲಿ ಆ ಮಾತು ಅಷ್ಟು ಸ್ಪಷ್ಟವಾಗಿ ಹೊರಟದ್ದು ಅದೇ ಮೊದಲು. ಒಳಗೆ ಕುಕ್ಕರು ಎರಡು ಸಲ ಕೂಗಿತು. ಜಯಮ್ಮ ಪಟವನ್ನು ಮತ್ತೆ ನೋಡಿದರು. “ಹೋಗ್ಲಿ ಬಿಡಿ ಸಾರ್” ಎಂದರು. “ದೊಡ್ಡೋರ ಕಾಲಿಗೆ ತಾನೆ ಬೀಳೋದು ನಾವು.” ಹಾಗೆಂದು ಪಟವನ್ನು ಎತ್ತಿ, ಆ ಎರಡು ಪಾದಗಳಿಗೆ ಹಣೆ ಮುಟ್ಟಿಸಿದರು. ನನ್ನ ಕಣ್ಣು ತುಂಬಿತು. ಖಾರದ ಪುಡಿಯ ನೆಪ ಹೇಳೋಣವೆಂದರೆ ಅಲ್ಲಿ ಗಿರಣಿಯೂ ಇರಲಿಲ್ಲ.

ಈಗ ಹೇರೋಹಳ್ಳಿಯ ಆ ನಡುಮನೆಯಲ್ಲಿ ಎರಡು ಪಟಗಳಿವೆ. ಒಂದು ಆ ಬಲತುದಿಯಷ್ಟನ್ನೇ ತೆಗೆದು ದೊಡ್ಡದು ಮಾಡಿಸಿದ್ದು: ಕೊಡೆಯ ಹಿಡಿ, ಪಂಚೆ, ಪಾದ, ಮೇಲೆ ಒಂದು ನೇರಳೆ ಹುಣ್ಣಿಮೆ. ಇನ್ನೊಂದು ಜರಿಪೇಟದವರದು. ಅದನ್ನು ಇಳಿಸಲು ನಾಗರಾಜರು ಏಣಿ ತಂದರಂತೆ, ಜಯಮ್ಮ ಬಿಡಲಿಲ್ಲವಂತೆ. ಎಡೆ ಉಂಡವರನ್ನು ಮನೆಯಿಂದ ಕಳಿಸಬಾರದು, ಅವರೂ ಯಾರದೋ ಅಪ್ಪ ತಾನೆ ಎಂದರಂತೆ. ವಾಚನಾಲಯದಲ್ಲಿ ನಾನು ಬರೆದಿದ್ದ ಚೀಟಿಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದು ಅಂಟಿಸಿ, ಪಟಗಳನ್ನು ಟ್ರಂಕಿನಿಂದ ತೆಗೆದು ಗೋಡೆಗೆ ಹಾಕಿದ್ದೇನೆ. ಎಡದಿಂದ ಬಲಕ್ಕೆ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಹೇಳಿಕೊಳ್ಳಬಾರದು, ನೋಡಲು ಬರುವವರು ಹೆಚ್ಚಿದ್ದಾರೆ. ನಿಂತು ಮುಖಗಳನ್ನು ನೋಡುತ್ತಾರೆ, ಇಬ್ಬರು ಆಗಲೇ ತಮ್ಮವರನ್ನು ಗುರುತು ಹಿಡಿದಿದ್ದಾರೆ. ಬೀರುವಿನ ದಿನದ ಪಟದ ಪಕ್ಕದಲ್ಲಿ ಮಾತ್ರ ಉದ್ದನೆಯ ಚೀಟಿಯಿದೆ: ‘ನಿಂತವರು, ಬಲತುದಿ: ಹೇರೋಹಳ್ಳಿಯ ಮುನಿಯಪ್ಪನವರು. ಈ ಬೀರು ಇವರ ಮರ. ಮುಖ ಕಾಣದಿರುವುದಕ್ಕೆ ಈಗಿನ ಗೌರವ ಕಾರ್ಯದರ್ಶಿಯೇ ಹೊಣೆ.’

ಸೀಲನ್ನು ಆ ಬೀರುವಿನಲ್ಲೇ ಇಟ್ಟು ಬೀಗ ಹಾಕಿದ್ದೇನೆ. ಹೊಸ ಪುಸ್ತಕಗಳಿಗಾದರೂ ಸೀಲು ಬೇಡವೇ, ಕೀಲಿ ಎಲ್ಲಿ ಮೇಷ್ಟ್ರೇ ಎಂದು ಫ್ಯಾನಿನ ಓದುಗರು ಮೊನ್ನೆ ಕೇಳಿದರು. ಗೊತ್ತಿಲ್ಲ ಎಂದೆ. ಈಗ ಆ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ. ಕೀಲಿ ನನ್ನ ಜೇಬಿನಲ್ಲೇ ಇತ್ತು.